ಗುಂಡಿ ಒತ್ತಿದ ಕೂಡಲೇ ಏಳಬೇಕು: ಅಂಗೈ ಕಂಪ್ಯೂಟರುಗಳೂ ಅವುಗಳ ಓಎಸ್‌ಗಳೂ

ಪದವಿ ಕಾಲೇಜೊಂದರ ಕಂಪ್ಯೂಟರ್ ವಿಭಾಗದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸರಿಪಡಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ವಿಂಡೋಸ್ ಮೇಲೋ ಲಿನಕ್ಸ್ ಮೇಲೋ ಅಂತ ಮಾತಾಡಿ ಅಂದಿದ್ದರು ನಿಮ್ಮ ಮೇಷ್ಟ್ರು. ಮೇಜಿನ ಮೇಲಿನ ಕಂಪ್ಯೂಟರಿನ ಮಟ್ಟಿಗೆ ಆ ಜಗಳದಲ್ಲಿ ಈಗ ಅಷ್ಟು ಸ್ವಾರಸ್ಯ ಉಳಿದಿಲ್ಲ. ಯಾವುದನ್ನು ಹಾಕಿಕೊಂಡರೂ ಬ್ರೌಸರ್ ತೆರೆಯುತ್ತದೆ, ಮುಕ್ಕಾಲು ಕೆಲಸ ಅದರಲ್ಲೇ ಮುಗಿಯುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರಗಳಿಗೆ ಬಂದರೆ ಓಎಸ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಯಾವುದು ಅನ್ನೋದು ಇವತ್ತಿಗೂ ದೊಡ್ಡ ವಿಷಯ. ಅದಕ್ಕೇ ಮಾತನ್ನು ಆ ಕಡೆ ತಿರುಗಿಸಿಕೊಳ್ಳುತ್ತೇನೆ.

ಅಂಗಡಿಗೆ ಹೋದರೆ ಪ್ರೊಸೆಸರ್ ಇಂಥದ್ದು, ರ‍್ಯಾಮ್ ಇಷ್ಟು, ಕ್ಯಾಮೆರಾ ಅಷ್ಟು ಅಂತ ಶುರು ಮಾಡುತ್ತಾರೆ. ನಾನು ಮೊದಲು ಪವರ್ ಗುಂಡಿ ಒತ್ತಿ ನೋಡುತ್ತೇನೆ. ಎಷ್ಟು ಬೇಗ ಕೆಲಸಕ್ಕೆ ಸಿಗುತ್ತದೆ? ಮತ್ತೆ ಒತ್ತಿ ಬ್ಯಾಗಿಗೆ ಹಾಕಿದರೆ ನಿಜವಾಗಿ ಮಲಗುತ್ತದಾ, ಇಲ್ಲಾ ಮಲಗಿದ ಹಾಗೆ ನಟಿಸಿ ಒಳಗೊಳಗೇ ಬಿಸಿಯಾಗುತ್ತಾ ಬ್ಯಾಟರಿ ತಿನ್ನುತ್ತದಾ? ಮೇಜಿನ ಕಂಪ್ಯೂಟರನ್ನು ಬೆಳಿಗ್ಗೆ ಒಮ್ಮೆ ಆನ್ ಮಾಡಿದರೆ ಆಯಿತು. ಕೈಯಲ್ಲಿರೋದನ್ನು ದಿನವಿಡೀ ಎಬ್ಬಿಸುತ್ತಾ ಮಲಗಿಸುತ್ತಾ ಇರುತ್ತೇವೆ. ಹಾರ್ಡ್‌ವೇರ್ ಎಷ್ಟೇ ಜೋರಾಗಿರಲಿ, ಇದನ್ನು ತೀರ್ಮಾನಿಸೋದು ಓಎಸ್. ಕಳೆದ ಮೂವತ್ತು ವರ್ಷಗಳ ಅಂಗೈ ಯಂತ್ರಗಳನ್ನು ಈ ಒಂದು ಕಣ್ಣಿನಿಂದ ನೋಡಿದರೆ ಯಾರು ಯಾಕೆ ಗೆದ್ದರು ಅನ್ನೋದು ಬಹುಮಟ್ಟಿಗೆ ಅರ್ಥವಾಗುತ್ತದೆ. ಬಹುಮಟ್ಟಿಗೆ ಅಂದೆ, ಪೂರ್ತಿ ಅಲ್ಲ. ಈ ಲೆಕ್ಕ ಕೈಕೊಟ್ಟ ಜಾಗಗಳಲ್ಲಿ ನಮ್ಮ ಬೆಂಗಳೂರೂ ಒಂದು.

1993ರಲ್ಲಿ ಆಪಲ್ ಕಂಪನಿ ನ್ಯೂಟನ್ ಅನ್ನೋ ಯಂತ್ರ ತಂದಿತ್ತು. ಬೆಲೆ 699 ಡಾಲರ್. ನೀವು ಹೇಗೆ ಬರೆದರೂ ಓದುತ್ತೇನೆ ಅಂತ ಹೊರಟು, ತಪ್ಪುತಪ್ಪಾಗಿ ಓದಿ ನಗೆಪಾಟಲಾಯಿತು. 1996ರ ಮಾರ್ಚಿನಲ್ಲಿ ಪಾಮ್ ಕಂಪನಿಯ ಪೈಲಟ್ ಬಂತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್, ಯಂತ್ರ ತಯಾರಾಗೋ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಆ ಮರದ ತುಂಡನ್ನು ತೆಗೆದು ಅದರ ಮೇಲೆ ಬರೆದ ಹಾಗೆ ಮಾಡುತ್ತಿದ್ದರು. ಹುಚ್ಚು ಅನ್ನಿಸಬಹುದು. ಆದರೆ ಯಾವ ಗುಂಡಿ ಎಲ್ಲಿರಬೇಕು, ಯಾವ ಕೆಲಸಕ್ಕೆ ಜೇಬಿಗೆ ಕೈ ಹೋಗುತ್ತದೆ ಅನ್ನೋದೆಲ್ಲ ಅವರಿಗೆ ಗೊತ್ತಾಗಿದ್ದು ಹೀಗೆ.

ಪೈಲಟ್ 1000ರ ಬೆಲೆ 299 ಡಾಲರ್. 16 ಮೆಗಾಹರ್ಟ್ಸ್ ವೇಗದ ಮೊಟೊರೋಲಾ ಚಿಪ್. 128 ಕೆಬಿ ಮೆಮೊರಿ. ಎಂಬಿ ಅಲ್ಲ, ಕೆಬಿ! ಉದ್ದಕ್ಕೂ ಅಗಲಕ್ಕೂ 160 ಚುಕ್ಕಿಗಳ ಬಣ್ಣವಿಲ್ಲದ ಪರದೆ. ಎರಡು ಎಎಎ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿತ್ತು. ನಿಮ್ಮ ಕೈಬರಹ ಓದುತ್ತೇನೆ ಅನ್ನೋ ಜಂಬವನ್ನು ಪಾಮ್ ಬಿಟ್ಟೇಬಿಟ್ಟಿತು. ಗ್ರಾಫಿಟಿ ಅಂತ ಒಂದೊಂದೇ ಗೀಟಿನ ಅಕ್ಷರಮಾಲೆ ಮಾಡಿ, ಇದನ್ನು ನೀವೇ ಕಲಿತುಕೊಳ್ಳಿ ಅಂದಿತು. ಜನ ಒಂದು ಮಧ್ಯಾಹ್ನದಲ್ಲಿ ಕಲಿತುಕೊಂಡರು.

ಪಾಮ್ ಓಎಸ್ ಒಳಗೆ ಏನಿತ್ತು ಅಂತ ಸ್ವಲ್ಪ ನೋಡೋಣ. ಅದರಲ್ಲಿ ಡಿಸ್ಕ್ ಇಲ್ಲ. ಮಾಹಿತಿ, ಪ್ರೋಗ್ರಾಂ ಎಲ್ಲವೂ ಮೆಮೊರಿಯಲ್ಲೇ ಕೂತಿರುತ್ತವೆ. ಪ್ರೋಗ್ರಾಂ ಕೂತಲ್ಲಿಂದಲೇ ಓಡುತ್ತದೆ, ಇನ್ನೊಂದು ಕಡೆ ತಂದು ಸುರಿದುಕೊಳ್ಳುವ ಕೆಲಸವೇ ಇಲ್ಲ. ಒಂದು ಹೊತ್ತಿಗೆ ಒಂದೇ ಆ್ಯಪ್. ಇನ್ನೊಂದನ್ನು ಮುಟ್ಟಿದರೆ ಮೊದಲನೆಯದು ಎಲ್ಲಿದ್ದೆ ಅಂತ ಗುರುತು ಬರೆದಿಟ್ಟು ಹೊರಟುಹೋಗುತ್ತದೆ. 'ಸೇವ್' ಅನ್ನೋ ಮಾತೇ ಇಲ್ಲ. ಆಫ್ ಅಂದರೆ ನಿದ್ದೆ, ಅಷ್ಟೇ. ಹಾಗಾಗಿ ಗುಂಡಿ ಒತ್ತಿದ ಕೂಡಲೇ ನೀವು ಬಿಟ್ಟ ಸಾಲಿನಲ್ಲೇ ಇರುತ್ತೀರಿ. ಇದಕ್ಕೆ ಕೊಟ್ಟ ಬೆಲೆಯೂ ಇದೆ. ಸೆಲ್ ಪೂರ್ತಿ ಸತ್ತು ಹಾಗೇ ಬಿಟ್ಟರೆ ಒಳಗಿದ್ದದ್ದೆಲ್ಲ ಹೋಯಿತು. ಅದಕ್ಕೇ ಹಾಟ್‌ಸಿಂಕ್ ಅನ್ನೋ ಒಂದು ಗುಂಡಿ. ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದ ತೊಟ್ಟಿಲಿನಂಥ ಸ್ಟ್ಯಾಂಡಿನಲ್ಲಿ ಇಟ್ಟು ಒತ್ತಿದರೆ ಎಲ್ಲದರ ಪ್ರತಿ ಕಂಪ್ಯೂಟರಿಗೆ ಹೋಗುತ್ತಿತ್ತು.

ಅದೇ 1996ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಸಿಇ ತಂದಿತು. ಕಾಗದದ ಮೇಲೆ ನೋಡಿದರೆ ಪಾಮ್‌ಗಿಂತ ಎಷ್ಟೋ ಮುಂದೆ. ಒಟ್ಟಿಗೆ ಹಲವು ಪ್ರೋಗ್ರಾಂ, ಮೊದಲಿನಿಂದಲೇ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗ ಕೊಡುವ ವ್ಯವಸ್ಥೆ. ಆದರೆ ಮೇಜಿನ ವಿಂಡೋಸ್ ಅನ್ನು ಕುಗ್ಗಿಸಿ ಅಂಗೈಗೆ ಇಳಿಸಿದ್ದರು. ಅಷ್ಟು ಸಣ್ಣ ಪರದೆಯ ಮೂಲೆಯಲ್ಲಿ ಸ್ಟಾರ್ಟ್ ಬಟನ್, ಅದರೊಳಗೆ ಮೆನು, ಮೆನುವಿನೊಳಗೆ ಮೆನು. 2000ದಲ್ಲಿ ಪಾಕೆಟ್ ಪಿಸಿ ಅಂತ ಹೊಸ ವೇಷ ಬಂತು. ಅದರ ಮುಂದಿನ ಆವೃತ್ತಿಯಲ್ಲಿ ಮೂಲೆಯಲ್ಲಿ ಇಂಟು (X) ಗುರುತು ಇತ್ತು. ಒತ್ತಿದರೆ ಪ್ರೋಗ್ರಾಂ ಮುಚ್ಚಿತು ಅಂದುಕೊಳ್ಳುತ್ತೀರಿ. ಮುಚ್ಚುತ್ತಿರಲಿಲ್ಲ! ಕಣ್ಣಿಗೆ ಕಾಣದ ಹಾಗೆ ಹಿಂದೆ ಸರಿಯುತ್ತಿತ್ತು. ಹತ್ತು ಪ್ರೋಗ್ರಾಂ ಹೀಗೆ ಸೇರಿಕೊಂಡ ಮೇಲೆ ಯಂತ್ರ ತೆವಳತೊಡಗುತ್ತದೆ. ಆಗ ಸೆಟ್ಟಿಂಗ್ಸ್‌ಗೆ ಹೋಗಿ, ಮೆಮೊರಿ ಅನ್ನೋದನ್ನು ಹುಡುಕಿ, ಎಲ್ಲವನ್ನೂ ನಿಲ್ಲಿಸು ಅನ್ನಬೇಕಿತ್ತು. ಫೋನ್ ನಂಬರ್ ಬರೆದುಕೊಳ್ಳೋಕೆ ಯಂತ್ರ ತೆಗೆದವನಿಗೆ ಇದೆಲ್ಲ ಯಾಕೆ ಬೇಕು?

ಇಲ್ಲಿಂದ ಬೆಂಗಳೂರಿಗೆ ಬರುತ್ತೇನೆ. ನಿಮ್ಮಲ್ಲಿ ಎಷ್ಟು ಜನ ಸಿಂಪ್ಯೂಟರ್ ಹೆಸರು ಕೇಳಿದ್ದೀರಿ? ಮೂರ್ನಾಲ್ಕು ಕೈ. ಇರಲಿ. ಬೆಂಗಳೂರಿನಲ್ಲೇ ಹುಟ್ಟಿದ ಅಂಗೈ ಕಂಪ್ಯೂಟರ್ ಅದು.

ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಲ್ಲಿನ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲಿನಲ್ಲಿ ಮಾದರಿ ಯಂತ್ರ ತೋರಿಸಿದರು. ಚಿಪ್ಪು ಇಂಟೆಲ್‌ನ ಸ್ಟ್ರಾಂಗ್ ಆರ್ಮ್, 206 ಮೆಗಾಹರ್ಟ್ಸ್. ಪರದೆ 320 ಚುಕ್ಕಿಗೆ 240.

ಇಲ್ಲಿ ಒಂದು ಮಜಾ ಇದೆ. ಆ ಹೊತ್ತಿನ ದುಬಾರಿ ಪಾಕೆಟ್ ಪಿಸಿಯಾಗಿದ್ದ ಕಾಂಪ್ಯಾಕ್ ಐಪ್ಯಾಕ್‌ನಲ್ಲಿ ಇದ್ದದ್ದೂ ಇದೇ ಚಿಪ್ಪು, ಇದೇ ವೇಗ. 2002ರಲ್ಲಿ ಜಪಾನಿನ ಶಾರ್ಪ್ ಕಂಪನಿ ತಂದ ಝೌರಸ್ ಎಸ್‌ಎಲ್-5500ರಲ್ಲಿ ಇದ್ದದ್ದೂ ಅದೇ. ಐಪ್ಯಾಕ್‌ನಲ್ಲಿ ವಿಂಡೋಸ್. ಝೌರಸ್‌ನಲ್ಲಿ ಲಿನಕ್ಸ್, ಜೊತೆಗೆ ಜಾರುವ ಪುಟ್ಟ ಕೀಬೋರ್ಡ್. ಟರ್ಮಿನಲ್ ತೆರೆದು ಆಜ್ಞೆ ಟೈಪ್ ಮಾಡುತ್ತಾ ಕೂರುವ ನನ್ನಂಥವರಿಗೆ ಅಂತಲೇ ಮಾಡಿದ್ದು. ಸಿಂಪ್ಯೂಟರಿನಲ್ಲೂ ಲಿನಕ್ಸೇ. ಆದರೆ ಅದು ಯೋಚಿಸಿದ್ದು ಬೇರೆ ಮನುಷ್ಯನನ್ನು. ಓದು ಬರಹ ಬಾರದ, ಒಬ್ಬನೇ ಒಂದು ಯಂತ್ರ ಕೊಳ್ಳಲಾಗದ ಹಳ್ಳಿಯವನನ್ನು.

ಲಿನಕ್ಸ್ ಯಾಕೆ ಅಂದರೆ ಮೊದಲ ಕಾರಣ ದುಡ್ಡು. ಒಂದೊಂದು ಯಂತ್ರಕ್ಕೂ ಲೈಸೆನ್ಸ್ ಶುಲ್ಕ ಕಟ್ಟುತ್ತಾ ಕೂತರೆ ಬಡವನಿಗೆ ಎಟುಕುವ ಬೆಲೆ ಬರೋದಿಲ್ಲ. ಎರಡನೆಯದು ನಮಗೆ ಇನ್ನೂ ಮುಖ್ಯ. ಪಾಮ್ ಓಎಸ್‌ನಲ್ಲಿ ಯುನಿಕೋಡ್ ಇರಲಿಲ್ಲ, ಕನ್ನಡ ಸೇರಿಸಿ ಅಂತ ಕೇಳೋಕೂ ಬಾಗಿಲಿರಲಿಲ್ಲ. ಲಿನಕ್ಸ್‌ನಲ್ಲಿ ಯಾರ ಅನುಮತಿಯೂ ಬೇಡ, ಕೂತು ಸೇರಿಸಿಕೊಳ್ಳಬಹುದು. ಅವರು ಸೇರಿಸಿದರು. ಬರಹವನ್ನು ಗಟ್ಟಿಯಾಗಿ ಓದುವ 'ಧ್ವನಿ' ಅನ್ನೋ ತಂತ್ರಾಂಶ ಹುಟ್ಟಿದ್ದು ಇದೇ ಕೆಲಸದಲ್ಲಿ. ಅಂಗೈ ಮೇಲಿನ ಪೆಟ್ಟಿಗೆ ಕನ್ನಡ ಓದಿ ಹೇಳುತ್ತದೆ ಅಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ.

ಅದಕ್ಕಿಂತ ನನಗೆ ಹೆಚ್ಚು ಇಷ್ಟವಾಗೋದು ಸ್ಮಾರ್ಟ್‌ಕಾರ್ಡ್ ವ್ಯವಸ್ಥೆ. ಪಾಮ್, ಐಪ್ಯಾಕ್ ಎಲ್ಲವೂ ಒಬ್ಬನ ಸ್ವಂತ ಆಸ್ತಿ ಅಂದುಕೊಂಡು ಮಾಡಿದ ಯಂತ್ರಗಳು. ಸಿಂಪ್ಯೂಟರ್ ಊರಿನದು. ಪಂಚಾಯಿತಿಯಲ್ಲೋ ಅಂಗಡಿಯಲ್ಲೋ ಒಂದಿರುತ್ತದೆ. ನಿಮ್ಮ ಕಾರ್ಡ್ ತೂರಿಸಿದರೆ ನಿಮ್ಮ ಮಾಹಿತಿ, ತೆಗೆದರೆ ಮುಂದಿನವರ ಸರದಿ. ಓಎಸ್ ಮಟ್ಟದಲ್ಲೇ ಹೀಗೆ ಯೋಚಿಸಿದ ಅಂಗೈ ಯಂತ್ರ ನನಗಂತೂ ಇನ್ನೊಂದು ಕಂಡಿಲ್ಲ. ಹಾರ್ಡ್‌ವೇರ್ ವಿನ್ಯಾಸವನ್ನೂ ತಮ್ಮದೇ ಲೈಸೆನ್ಸ್ ಬರೆದು ಬೇರೆಯವರಿಗೆ ತೆರೆದಿಟ್ಟಿದ್ದರು.

2004ರ ಏಪ್ರಿಲಿನಲ್ಲಿ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ರೂಪಿಸಿದ್ದು ಪಿಕೋಪೀಟಾ ಕಂಪನಿ, ತಯಾರಿಸಿದ್ದು ಜಾಲಹಳ್ಳಿಯ ಬಿಇಎಲ್. ಕಪ್ಪುಬಿಳುಪಿನ ಅಗ್ಗದ ಮಾದರಿಗೆ 9,950 ರೂಪಾಯಿ. ಕೈಯಲ್ಲಿ ಹಿಡಿದು ಯಂತ್ರವನ್ನು ವಾಲಿಸಿದರೆ ಪುಟ ತಿರುಗುತ್ತಿತ್ತು, ಒಳಗೆ ಚಲನೆ ಗುರುತಿಸುವ ಸೆನ್ಸರ್ ಇತ್ತು. ಐಫೋನ್ ಬರೋಕೆ ಇನ್ನೂ ಮೂರು ವರ್ಷ ಬಾಕಿ. ಜಮೀನಿನ ದಾಖಲೆಯ ಕೆಲಸಕ್ಕೆ ಕರ್ನಾಟಕ ಸರಕಾರವೂ ಸಿಂಪ್ಯೂಟರ್ ಬಳಸಿ ನೋಡಿತ್ತು.

ಮತ್ತೆ ಯಾಕೆ ಸೋತಿತು? ಓಎಸ್ ಸರಿಯಾಗಿತ್ತು, ಯಂತ್ರವೂ ಸರಿಯಾಗಿತ್ತು. ಪಕ್ಕದಲ್ಲಿ 2003ರಲ್ಲೇ ನೋಕಿಯಾ 1100 ಬಂದಿತ್ತು. ಟಾರ್ಚ್ ಇದ್ದ ಆ ಫೋನು ಪ್ರಪಂಚದಾದ್ಯಂತ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ಒಳಬರುವ ಕರೆ ನಮ್ಮಲ್ಲಿ ಬಿಟ್ಟಿಯಾಗಿದ್ದೂ ಅದೇ ವರ್ಷ. ರೈತನಿಗೆ ಮಾರುಕಟ್ಟೆಯ ಧಾರಣೆ ಬೇಕಾದರೆ ದಲ್ಲಾಳಿಗೋ ನೆಂಟರಿಗೋ ಒಂದು ಫೋನ್ ಹಾಕಿದರೆ ಆಯಿತು, ಓದುವ ಯಂತ್ರ ಯಾಕೆ? ಹತ್ತು ಸಾವಿರದ ಊರಿನ ಯಂತ್ರಕ್ಕಿಂತ ಕಡಿಮೆ ದುಡ್ಡಿನಲ್ಲಿ ತನ್ನದೇ ಸ್ವಂತ ಫೋನು. ಮಾರಾಟ ಕೆಲವು ಸಾವಿರಗಳಲ್ಲೇ ನಿಂತಿತು. ಅದನ್ನು ವೈಫಲ್ಯ ಅಂತ ಒಂದೇ ಮಾತಲ್ಲಿ ತಳ್ಳಿಹಾಕುವವರ ಜೊತೆ ನಾನು ಸೇರೋದಿಲ್ಲ. ಆದರೆ ಓಎಸ್ ಒಳ್ಳೆಯದಿದ್ದರೆ ಸಾಕು ಅನ್ನೋ ನಮ್ಮಂಥವರ ನಂಬಿಕೆಗೆ ಅದು ದೊಡ್ಡ ಪೆಟ್ಟು.

ಪಾಮ್ ಕಥೆಯೂ ಸುಖವಾಗಿ ಮುಗಿಯಲಿಲ್ಲ. ಒಂದು ಹೊತ್ತಿಗೆ ಒಂದೇ ಆ್ಯಪ್ ಅನ್ನೋ ಗುಣವೇ ಇಂಟರ್ನೆಟ್ ಬಂದ ಮೇಲೆ ಕಾಲಿಗೆ ತೊಡರಿತು. ಹಿಂದೆ ಇಮೇಲ್ ಇಳಿಯುತ್ತಿರಬೇಕು, ಹಾಡು ಓಡುತ್ತಿರಬೇಕು, ಇದಕ್ಕೆಲ್ಲ ಹಳೆಯ ಪಾಮ್ ಓಎಸ್ ಬಗ್ಗಲಿಲ್ಲ. ಕೊನೆಗೆ 2006ರಲ್ಲಿ ಪಾಮ್ ಕಂಪನಿಯೇ ತನ್ನ ಟ್ರಿಯೋ ಫೋನಿನಲ್ಲಿ ವಿಂಡೋಸ್ ಹಾಕಿ ಮಾರಿತು! 2009ರಲ್ಲಿ ವೆಬ್‌ಓಎಸ್ ಅಂತ ಹೊಸದು ಬರೆದರು. ತೆರೆದ ಆ್ಯಪ್‌ಗಳು ಇಸ್ಪೀಟು ಎಲೆಗಳ ಹಾಗೆ ಸಾಲಾಗಿ ನಿಲ್ಲುತ್ತವೆ, ಬೇಡವಾದದ್ದನ್ನು ಮೇಲಕ್ಕೆ ತಳ್ಳಿದರೆ ಮುಚ್ಚುತ್ತದೆ. ಇವತ್ತು ನಿಮ್ಮ ಫೋನಿನಲ್ಲಿ ಮಾಡೋದು ಇದನ್ನೇ, ಅಲ್ವಾ? ಎಚ್‌ಪಿ ಕಂಪನಿ 2010ರಲ್ಲಿ 120 ಕೋಟಿ ಡಾಲರ್ ಕೊಟ್ಟು ಪಾಮ್ ಕೊಂಡಿತು. 2011ರ ಜುಲೈ 1ಕ್ಕೆ ಟಚ್‌ಪ್ಯಾಡ್ ಬಿಟ್ಟಿತು, ಆಗಸ್ಟ್ 18ಕ್ಕೆ ನಿಲ್ಲಿಸಿತು. 49 ದಿನ. ಈಗ ವೆಬ್‌ಓಎಸ್ ಬದುಕಿರೋದು ಎಲ್‌ಜಿ ಟಿವಿಗಳೊಳಗೆ. ನಿಮ್ಮಲ್ಲಿ ಕೆಲವರ ಮನೆಯ ಗೋಡೆಯ ಮೇಲೆ ಪಾಮ್‌ನ ಮೊಮ್ಮಗ ನೇತಾಡುತ್ತಿದೆ, ಗೊತ್ತಿಲ್ಲ ಅಷ್ಟೇ.

ಇಂಥದ್ದೇ ಇನ್ನೊಂದು ಫೈರ್‌ಫಾಕ್ಸ್ ಓಎಸ್. 2014ರಲ್ಲಿ ಇಂಟೆಕ್ಸ್ ಕಂಪನಿ 1,999 ರೂಪಾಯಿಗೆ ಆ ಫೋನ್ ಮಾರಿತ್ತು. ಮರುವರ್ಷವೇ ಆ ಓಎಸ್ ಮಾಡಿದ್ದ ಮೊಝಿಲ್ಲಾ ಅದನ್ನು ಕೈಬಿಟ್ಟಿತು. ಅದರ ಕೋಡ್ ಇಟ್ಟುಕೊಂಡು ಹುಟ್ಟಿದ ಕೈಓಎಸ್ 2017ರಲ್ಲಿ ಜಿಯೋಫೋನ್ ಒಳಗೆ ಕೂತು ಕೋಟಿಗಟ್ಟಲೆ ಮನೆ ಸೇರಿತು.

ನೆಟ್‌ಬುಕ್, ಅಂದರೆ ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳ ವಿಷಯ ಬೇಗ ಮುಗಿಸುತ್ತೇನೆ. 2007ರಲ್ಲಿ ಏಸಸ್ ಈಈಈ ಪಿಸಿ ಬಂತು. ಏಳು ಇಂಚಿನ ಪರದೆ, 4 ಜಿಬಿ ಜಾಗ, ಲಿನಕ್ಸ್. ಒಂದೇ ವರ್ಷದಲ್ಲಿ ಅಂಥ ಯಂತ್ರಗಳಲ್ಲೆಲ್ಲ ವಿಂಡೋಸ್ ಎಕ್ಸ್‌ಪಿ ತುಂಬಿಕೊಂಡಿತು. ನಿಲ್ಲಿಸಬೇಕಿದ್ದ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಇಂಥ ಅಗ್ಗದ ಯಂತ್ರಗಳಿಗಾಗಿ 2010ರ ತನಕ ಉಳಿಸಿಕೊಂಡಿತು. ಜನಕ್ಕೆ ಗೊತ್ತಿದ್ದದ್ದು ಎಕ್ಸ್‌ಪಿ, ಕೇಳಿದ್ದೂ ಅದನ್ನೇ. ಆಮೇಲೆ ಬಂದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ವಾಲ್‌ಪೇಪರ್ ಬದಲಿಸೋಕೂ ಬಿಡುತ್ತಿರಲಿಲ್ಲ. 2010ರಲ್ಲಿ ಐಪ್ಯಾಡ್ ಬಂತು. ಗುಂಡಿ ಒತ್ತಿದ ಕೂಡಲೇ ಎದ್ದಿತು. ನೆಟ್‌ಬುಕ್ ಯುಗ ಅಲ್ಲಿಗೆ ಇಳಿಮುಖ.

ಈಗ ಇವತ್ತಿನದಕ್ಕೆ ಬರೋಣ. ಒಂದೇ ಹಾರ್ಡ್‌ವೇರ್, ಎರಡು ಓಎಸ್ ಅನ್ನೋ ಸ್ಪರ್ಧೆ ಮತ್ತೆ ಶುರುವಾಗಿದೆ. ಈ ಸಲ ಆಟ ಆಡುವ ಯಂತ್ರಗಳಲ್ಲಿ. 2022ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿ ಸ್ಟೀಮ್ ಡೆಕ್ ತಂದಿತು. 669 ಗ್ರಾಂ ತೂಕ, ಏಳು ಇಂಚು, 16 ಜಿಬಿ ರ‍್ಯಾಮ್. ಒಳಗೆ ಆರ್ಚ್ ಅನ್ನೋ ಬಗೆಯ ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಓಎಸ್. ವಿಂಡೋಸ್‌ಗೆ ಅಂತ ಬರೆದ ಆಟಗಳು ಇದರಲ್ಲಿ ಓಡೋದು ಪ್ರೋಟಾನ್ ಅನ್ನೋ ಪದರದಿಂದ. ಆಟ ವಿಂಡೋಸ್ ಅನ್ನು ಕೇಳಿದ್ದನ್ನೆಲ್ಲ ಅದು ಅಲ್ಲೇ ಲಿನಕ್ಸ್‌ಗೆ ತಿಳಿಯುವ ಹಾಗೆ ಮಾಡಿಕೊಡುತ್ತದೆ.

ನಾನು ಸ್ನೇಹಿತರೊಬ್ಬರ ಡೆಕ್ ಹಿಡಿದು ಮೊದಲು ಮಾಡಿದ ಕೆಲಸ, ಕಾರ್ ರೇಸ್‌ನ ತಿರುವಿನ ನಡುವೆ ಪವರ್ ಗುಂಡಿ ಒತ್ತಿದ್ದು. ಪರದೆ ಕಪ್ಪಾಯಿತು. ಫ್ಯಾನ್ ಸದ್ದು ನಿಂತಿತು. ಊಟ ಮಾಡಿ ಬಂದು ಮತ್ತೆ ಒತ್ತಿದೆ. ಕಾರು ಅದೇ ತಿರುವಿನಲ್ಲಿ, ಅದೇ ವಾಲಿಕೆಯಲ್ಲಿ. ಬ್ಯಾಟರಿ ಹೆಚ್ಚುಕಮ್ಮಿ ಅಷ್ಟೇ ಇತ್ತು. ವಿಂಡೋಸ್ ಇದ್ದ ಇಂಥದ್ದೇ ಯಂತ್ರದಲ್ಲಿ ಇದೇ ಆಟ ಆಡಿ ನೋಡಿದಾಗ ಒಮ್ಮೆ ಸರಿಯಾಗಿ ಎದ್ದಿತು, ಇನ್ನೊಮ್ಮೆ ಆಟ ಬಿದ್ದುಹೋಗಿತ್ತು. ಕಾರಣ ಗುಟ್ಟೇನಲ್ಲ. ಈಗಿನ ವಿಂಡೋಸ್‌ನ ನಿದ್ದೆಯಲ್ಲಿ ಯಂತ್ರ ಅರೆಎಚ್ಚರದಲ್ಲಿರುತ್ತದೆ. ಇಮೇಲ್ ಬಂತಾ, ಅಪ್‌ಡೇಟ್ ಇದೆಯಾ ಅಂತ ಆಗಾಗ ಎದ್ದು ನೋಡುತ್ತದೆ. ಆಫೀಸ್ ಲ್ಯಾಪ್‌ಟಾಪಿಗೆ ಸರಿ. ಆಟದ ಯಂತ್ರಕ್ಕೆ ಯಾಕೆ?

2025ರ ಮೇನಲ್ಲಿ ಲೆನೊವೊ ಕಂಪನಿ ಲೀಜನ್ ಗೋ ಎಸ್ ಅನ್ನೋ ತನ್ನ ಯಂತ್ರವನ್ನು ಸ್ಟೀಮ್‌ಓಎಸ್‌ನೊಂದಿಗೂ ಬಿಟ್ಟಿತು. ವಿಂಡೋಸ್ ಮಾದರಿ ಮೊದಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದ ವಿಮರ್ಶಕರಿಗೆ ಹೆಚ್ಚಿನ ಆಟಗಳು ಲಿನಕ್ಸ್‌ನಲ್ಲೇ ವೇಗವಾಗಿ ಓಡಿದ್ದು ಕಂಡಿತು. ವಿಂಡೋಸ್‌ಗೆ ಅಂತ ಬರೆದ ಆಟ, ವಿಂಡೋಸ್‌ಗಿಂತ ಲಿನಕ್ಸ್‌ನಲ್ಲಿ ಜೋರು! ಅದೇ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್, ಏಸಸ್ ಸೇರಿ ಆರ್‌ಒಜಿ ಎಕ್ಸ್‌ಬಾಕ್ಸ್ ಆಲೈ ತಂದವು. ಅದರಲ್ಲಿ ವಿಂಡೋಸ್ ತನ್ನ ಡೆಸ್ಕ್‌ಟಾಪನ್ನು ತೆರೆಯದೇ ನೇರ ಆಟದ ಪರದೆಗೆ ಹೋಗುತ್ತದೆ. ಸಣ್ಣ ಯಂತ್ರಕ್ಕೆ ಡೆಸ್ಕ್‌ಟಾಪ್ ಹೊರೆ ಅಂತ ಒಪ್ಪಿಕೊಳ್ಳೋಕೆ ವಿಂಡೋಸ್ ಸಿಇ ಬಂದು ಸುಮಾರು ಮೂವತ್ತು ವರ್ಷ ಬೇಕಾಯಿತು.

ಹಾಗಂತ ಓಡಿಹೋಗಿ ಸ್ಟೀಮ್ ಡೆಕ್ ಕೊಳ್ಳಬೇಡಿ. ವ್ಯಾಲೊರಂಟ್ ಆಟ ಲಿನಕ್ಸ್‌ನಲ್ಲಿ ಓಡೋದಿಲ್ಲ, ಅದರ ಮೋಸ ತಡೆಯುವ ವ್ಯವಸ್ಥೆ ವಿಂಡೋಸ್‌ನ ಕರ್ನಲ್ ಅನ್ನೋ ತಿರುಳಿನ ಒಳಗೇ ಕೂರಬೇಕು. ಡೆಕ್ ಅನ್ನು ವಾಲ್ವ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಿಲ್ಲ. ಹೊರಗಿನಿಂದ ತರಿಸಿದ ಯಂತ್ರ ಕೆಟ್ಟರೆ ರಿಪೇರಿಗೆ ನೀವುಂಟು, ಬೆಂಗಳೂರಿನ ಎಸ್‌ಪಿ ರೋಡ್ ಉಂಟು.

ಇನ್ನೊಂದು ಪರೀಕ್ಷೆ ನಾನು ಎಲ್ಲ ಯಂತ್ರದಲ್ಲೂ ಮಾಡುತ್ತೇನೆ. ನೋಟ್ಸ್ ಆ್ಯಪ್ ತೆರೆದು 'ಸ್ವಾತಂತ್ರ್ಯ', 'ರ‍್ಯಾಂಕ್', 'ಕೃಷ್ಣ' ಅಂತ ಟೈಪ್ ಮಾಡಿ ನೋಡುತ್ತೇನೆ. ಮೊದಲನೆಯದರಲ್ಲಿ ಒತ್ತಿನ ಕೆಳಗೆ ಒತ್ತು ಕೂರಬೇಕು. ಎರಡನೆಯದಕ್ಕೆ ಕಣ್ಣಿಗೆ ಕಾಣದ ಜೋಡಿಸುವ ಅಕ್ಷರವೊಂದು ನಡುವೆ ಬೇಕು, ಅದು ತಪ್ಪಿದರೆ ರಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಜಿಗಿಯುತ್ತದೆ. ಇದನ್ನೆಲ್ಲ ಜೋಡಿಸಿ ತೋರಿಸೋದು ಓಎಸ್‌ನ ಕೆಲಸ. ವಿಂಡೋಸ್‌ಗೆ ಇದು ಬಂದದ್ದು 2001ರಲ್ಲಿ, ಎಕ್ಸ್‌ಪಿ ಮತ್ತು ತುಂಗಾ ಫಾಂಟಿನ ಜೊತೆ. ಆಂಡ್ರಾಯ್ಡ್‌ಗೆ 2012ರಲ್ಲಿ, 4.1ನೇ ಆವೃತ್ತಿಗೆ. ಅದಕ್ಕೆ ಮುಂಚಿನ ಫೋನುಗಳಲ್ಲಿ ಕನ್ನಡ ಅಂದರೆ ಸಾಲುಸಾಲು ಖಾಲಿ ಡಬ್ಬಿ. ಐಫೋನಿನಲ್ಲಿ ಕನ್ನಡ ಕಾಣುತ್ತಿತ್ತು, ಆಪಲ್‌ನ ಸ್ವಂತ ಕೀಬೋರ್ಡ್ ಬರೋಕೆ 2017 ಆಗಬೇಕಾಯಿತು. ಹೊಸ ಬ್ರಾಂಡಿನ ಇ-ಬುಕ್ ರೀಡರ್, ವಾಚು ಕೊಳ್ಳುವಾಗ ಇವತ್ತಿಗೂ ಈ ಪರೀಕ್ಷೆ ಮಾಡಿ. ಡಬ್ಬಿಯ ಮೇಲೆ 'ಭಾರತೀಯ ಭಾಷೆಗಳು' ಅಂತ ಬರೆದಿರುತ್ತದೆ. ತೆರೆದು ನೋಡಿದರೆ ಹಿಂದಿ ಇರುತ್ತದೆ.

ಕೊನೆಯ ಮಾತು ಆಯಸ್ಸಿನದು. ನನ್ನ ಹತ್ತಿರ ಒಂದು ಟ್ಯಾಬ್ಲೆಟ್ ಇದೆ, ಕಂಪನಿ ಹೆಸರು ಬೇಡ. ಕೊಂಡ ದಿನದ ಆಂಡ್ರಾಯ್ಡೇ ಇವತ್ತಿಗೂ. ಪರದೆ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಬ್ಯಾಂಕಿನ ಆ್ಯಪ್ ಮಾತ್ರ ಒಳಗೆ ಬಿಟ್ಟುಕೊಳ್ಳೋದಿಲ್ಲ. ಈಗ ಪಿಕ್ಸೆಲ್ 8ರಿಂದ ಗೂಗಲ್, ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗ್ ಏಳು ವರ್ಷ ಅಪ್‌ಡೇಟ್ ಅಂತ ಮಾತು ಕೊಟ್ಟಿವೆ. ಅದು ದುಬಾರಿ ಫೋನುಗಳ ಮಾತು. ಹನ್ನೆರಡು ಸಾವಿರದ ಫೋನು ಕೊಳ್ಳುವಾಗ ಎಷ್ಟು ವರ್ಷ ಅಂತ ಬಾಯಿಬಿಟ್ಟು ಕೇಳಿ. ಅಂಗಡಿಯವನಿಗೆ ಗೊತ್ತಿರೋದಿಲ್ಲ, ಕಂಪನಿಯ ಸೈಟಿನಲ್ಲಿ ಹುಡುಕಿ. ಅಲ್ಲೂ ಇಲ್ಲದಿದ್ದರೆ ಅದೇ ಉತ್ತರ.

ಪ್ರಶ್ನೆ: ಸರ್, ಮನೇಲಿ ಹಳೇ ಲ್ಯಾಪ್‌ಟಾಪ್ ಇದೆ, ವಿಂಡೋಸ್ 11 ಹಾಕೋಕೆ ಆಗಲ್ಲ ಅನ್ನುತ್ತೆ. ಮಾರಿಬಿಡಲಾ?

ಮಾರಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಇಂಟೆಲ್‌ನ ಆರನೇ, ಏಳನೇ ತಲೆಮಾರಿನ ಚಿಪ್ಪಿರುವ ಗಟ್ಟಿಮುಟ್ಟು ಲ್ಯಾಪ್‌ಟಾಪುಗಳು ಎಷ್ಟೋ ಹಾಗೇ ಹೊರಗುಳಿದವು. ಅದಕ್ಕೇ ಈಗ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅವು ಅಗ್ಗ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಇಳಿಸಿ. ನಿಮ್ಮ ಓದಿಗೆ, ಕೋಡಿಂಗಿಗೆ ಧಾರಾಳ ಸಾಕು. ಅಪ್ಪ ಜಿಎಸ್‌ಟಿ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತಿದ್ದರೆ ಮಾತ್ರ ಮೊದಲು ಅದು ನಡೆಯುತ್ತದಾ ಅಂತ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಚಿಕ್ಕಮ್ಮ ಡಿಟಿಪಿ ಮಾಡ್ತಾರೆ, ಎಲ್ಲಾ 'ನುಡಿ' ತಂತ್ರಾಂಶದಲ್ಲೇ. ಅವರನ್ನ ಲಿನಕ್ಸ್‌ಗೆ ತರಬಹುದಾ?

ಈಗಲೇ ಬೇಡ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫೈಲುಗಳಲ್ಲಿ ಇರೋದು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೊಂದಲ ಕಾಣುತ್ತದೆ. ಪ್ರೆಸ್ಸಿನವರು ಇನ್ನೂ ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್ ತಂತ್ರಾಂಶದ ಫೈಲನ್ನೇ ಕೇಳುತ್ತಿದ್ದರೆ ಚಿಕ್ಕಮ್ಮ ವಿಂಡೋಸ್‌ನಲ್ಲೇ ಇರಲಿ. ಹೊಸ ಕೆಲಸವನ್ನು ಯುನಿಕೋಡ್‌ನಲ್ಲಿ ಶುರು ಮಾಡಿಸಿ. ನುಡಿಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಅಲ್ಲೂ ಇರೋದರಿಂದ ಬೆರಳಿಗೆ ಹೊಸದೇನೂ ಅನ್ನಿಸೋದಿಲ್ಲ. ಹಳೆಯ ಫೈಲುಗಳಿಗೆ ಪರಿವರ್ತಕಗಳಿವೆ. ಒಂದೊಂದಾಗಿ ಹಾಕಿ, ಅರ್ಕಾವತ್ತು, ದೀರ್ಘ, ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.